ಕಾರವಾರದ ಸರ್ವರ್, ಶಿರಸಿಯ ಟರ್ಮಿನಲ್: ಹಾರ್ಡ್‌ವೇರ್ ಲಾಗ್ ಹಿಡಿದ ನನ್ನ ಅನುಭವ

ಕಾರವಾರದ ಆಸ್ಪತ್ರೆಯೊಂದರ ಸರ್ವರಿಗೆ ಮದರ್‌ಬೋರ್ಡ್ ಬದಲಿಸಲೇಬೇಕು ಎಂದು ಬಂದ ಕೊಟೇಶನ್ ಎಂಬತ್ತು ಸಾವಿರದ ಮೇಲಿತ್ತು. ಕೊನೆಗೆ ಖರ್ಚಾದದ್ದು ಒಂದು ಸೆಕೆಂಡ್‌ಹ್ಯಾಂಡ್ ಮೆಮರಿ ಕಡ್ಡಿಗೆ ನಾಲ್ಕು ಸಾವಿರದ ಆಸುಪಾಸು. "ಕರಿ ಪರದೆ ಮೇಲೆ ಎಂತ ಕಾಣ್ತದೆ ಮಾರಾಯಾ, ಸುಮ್ನೆ ಲೈಸೆನ್ಸ್ ತಗೊಂಡು ಕನ್ಸೋಲ್ ಹಾಕ್ಸು" ಎಂದು ನನಗೆ ಬುದ್ಧಿ ಹೇಳಿದವರು ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಕನ್ಸೋಲ್ ಅಂದರೆ ದೂರದಿಂದಲೇ ಸರ್ವರಿನ ಪರದೆ ನೋಡುವ, ದುಡ್ಡು ಕೊಟ್ಟು ಪಡೆಯುವ ಸೌಲಭ್ಯ. ಕರಿ ಪರದೆ ಅಂದರೆ ಕಮಾಂಡ್ ಬರೆಯುವ ಟರ್ಮಿನಲ್, ನಾನು ಅದರಲ್ಲೇ ಸರ್ವರಿನ ಹಾರ್ಡ್‌ವೇರ್ ಲಾಗ್ ಓದಿದೆ.

ನಾನಿರುವುದು ಶಿರಸಿಯಲ್ಲಿ. ನೋಡಿಕೊಳ್ಳುವ ಯಂತ್ರಗಳು ಕಾರವಾರದ ಒಂದು ಆಸ್ಪತ್ರೆಯಲ್ಲಿ, ಕುಮಟೆಯ ಒಂದು ಕಾಲೇಜಿನಲ್ಲಿ, ಇಲ್ಲಿಯದೇ ಒಂದು ಸಹಕಾರಿ ಸಂಘದಲ್ಲಿವೆ. ಎಲ್ಲವೂ ವಾರಂಟಿ ಮುಗಿದವು. ಕಾರವಾರಕ್ಕೆ ಹೋಗಿಬಂದರೆ ಒಂದು ದಿನ ಹೋಯಿತು, ಪೆಟ್ರೋಲು, ಊಟ ಸೇರಿ ಎರಡು ಸಾವಿರ ಬೇರೆ. 2024ರ ಜುಲೈ 16ರಂದು ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಅಲ್ಲಿ ಹೋದ ಜೀವಗಳ ಮುಂದೆ ನಮ್ಮ ಸರ್ವರಿನ ಕಥೆ ಏನೂ ಅಲ್ಲ. ಆದರೆ ಹೆದ್ದಾರಿ ಮುಚ್ಚಿದ್ದರಿಂದ ಕುಮಟೆ ದಾರಿ ಬಿಟ್ಟು ಯಲ್ಲಾಪುರ, ಅರಬೈಲು ಘಟ್ಟ ಸುತ್ತಿ ಹೋಗುವ ಹಾಗಾಯಿತು. ಕೂತಲ್ಲಿಂದಲೇ ಹಾರ್ಡ್‌ವೇರ್ ನೋಡುವ ವ್ಯವಸ್ಥೆ ಆಗಲೇಬೇಕು ಎಂದು ಹಟ ಹಿಡಿದದ್ದು ಆ ಮಳೆಗಾಲದಲ್ಲಿ.

ಅದಕ್ಕೆ ಮೊದಲು ಕೈಕೊಟ್ಟ ದಾರಿಗಳು ಒಂದೆರಡಲ್ಲ. ಸರ್ವರಿನೊಳಗೇ ಕೂತು ಹಾರ್ಡ್‌ವೇರ್ ಕಾಯುವ ಪುಟ್ಟ ಕಂಪ್ಯೂಟರಿಗೆ ಬಿಎಂಸಿ ಎನ್ನುತ್ತಾರೆ. ಅದರ ವೆಬ್ ಪುಟ ಹಳೆಯ ಜಾವಾ ಕೇಳುತ್ತಿತ್ತು, ಈಗಿನ ಬ್ರೌಸರ್ ಅದನ್ನು ಮುಟ್ಟುವುದಿಲ್ಲ. ಇಮೇಲ್ ಅಲರ್ಟ್ ಇಟ್ಟರೆ ಆಸ್ಪತ್ರೆಯ ಇಂಟರ್ನೆಟ್ಟಿನವರು ಮೇಲ್ ಪೋರ್ಟ್ ಮುಚ್ಚಿದ್ದರು. ಎಸ್‌ಎನ್‌ಎಂಪಿ ಟ್ರ್ಯಾಪ್, ಅಂದರೆ ಯಂತ್ರ ತಾನಾಗಿಯೇ ನೆಟ್‌ವರ್ಕಿನಲ್ಲಿ ಕಳಿಸುವ ಎಚ್ಚರಿಕೆಯ ಮೇಲೆ ಬಹಳ ಭರವಸೆ ಇತ್ತು, ಅದಕ್ಕೇ ಹೆಚ್ಚು ಸಮಯ ಹಾಳಾಯಿತು. ಟ್ರ್ಯಾಪ್ ಹೊರಡುವುದು ತೊಂದರೆಯಾದ ಗಳಿಗೆಯಲ್ಲಿ. ನಮ್ಮಲ್ಲಿ ಕರೆಂಟು ಹೋದ ಗಳಿಗೆಯಲ್ಲೇ ಸ್ವಿಚ್ಚೂ ರೌಟರೂ ಮಲಗುತ್ತವೆ. ಟ್ರ್ಯಾಪ್ ಹೊತ್ತ ಯುಡಿಪಿ ಪ್ಯಾಕೆಟ್ ಹೋದದ್ದು ಹೋಯಿತು, ಎರಡನೇ ಸಲ ಕೇಳುವವರಿಲ್ಲ. ಲಾಗ್ ಹಾಗಲ್ಲ, ಬಿಎಂಸಿಯ ಹೊಟ್ಟೆಯಲ್ಲೇ ಕೂತಿರುತ್ತದೆ. ಲೈನು ಬಂದಮೇಲೆ ನಾವೇ ಹೋಗಿ ಎತ್ತಿಕೊಂಡು ಬರಬಹುದು. ಯಂತ್ರ ಕಳಿಸುವುದನ್ನು ಕಾಯುವುದು ಬಿಟ್ಟು ನಾನೇ ಎಳೆದು ತರುವುದು, ಇಷ್ಟೇ ನನ್ನ ಪದ್ಧತಿ.

ಮನೆಯಲ್ಲೊಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಅಲ್ಲಿಯ ಯಂತ್ರಗಳಿಗೆ ವೈರ್‌ಗಾರ್ಡ್ ಎಂಬ ಖಾಸಗಿ ಸುರಂಗ (ವಿಪಿಎನ್), ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ಕ್ರಾನ್. ಡಬ್ಬ, ಕಾರ್ಡು, ಪವರ್ ಅಡಾಪ್ಟರ್ ಎಲ್ಲ ಸೇರಿ ಏಳು ಸಾವಿರದ ಒಳಗೆ ಮುಗಿಯಿತು. ಕನ್ಸೋಲ್ ಲೈಸೆನ್ಸಿಗೆ ಒಂದೊಂದು ಯಂತ್ರಕ್ಕೆ ಇಪ್ಪತ್ತು ಸಾವಿರದ ಹತ್ತಿರ ಕೇಳಿದ್ದರು. ಬಿಎಂಸಿ ಜೊತೆ ಮಾತಾಡುವ ನಿಯಮಕ್ಕೆ ಐಪಿಎಂಐ ಎನ್ನುತ್ತಾರೆ, ನನ್ನ ಕಮಾಂಡ್ ಐಪಿಎಂಐಟೂಲ್. ಆರು ತಾಸಿಗೊಮ್ಮೆ ಅದರಲ್ಲಿ ಲ್ಯಾನ್‌ಪ್ಲಸ್ ಮೇಲೆ, ಅಂದರೆ ನೆಟ್‌ವರ್ಕಿನಿಂದ, "ಸೆಲ್ ಇನ್ಫೋ", ಆಮೇಲೆ "ಸೆಲ್ ಇಲಿಸ್ಟ್". ಸೆಲ್ ಅಂದರೆ ಬಿಎಂಸಿಯ ಘಟನೆಗಳ ಲಾಗ್. ಇನ್ಫೋ ಅದು ಎಷ್ಟು ತುಂಬಿದೆ ಎನ್ನುತ್ತದೆ, ಇಲಿಸ್ಟ್ ದಾಖಲೆಗಳನ್ನು ಸಾಲಾಗಿ ತೋರಿಸುತ್ತದೆ. ಇಲಿಸ್ಟ್ ಪ್ರತಿ ಸಲ ಸೆನ್ಸರ್ ಹೆಸರುಗಳನ್ನೆಲ್ಲ ಮತ್ತೆ ಓದಲು ಹೋಗುತ್ತದೆ, ಘಟ್ಟ ಇಳಿದು ಹೋಗುವ ಲೈನಿನಲ್ಲಿ ಅದು ನಿಮಿಷಗಟ್ಟಲೆ ಒದ್ದಾಡುತ್ತಿತ್ತು. "ಎಸ್‌ಡಿಆರ್ ಡಂಪ್" ಮಾಡಿ ಆ ಹೆಸರುಗಳ ಫೈಲು ಇಟ್ಟುಕೊಂಡು, ದೊಡ್ಡ ಎಸ್ ಆಪ್ಶನ್ನಿನಲ್ಲಿ ಅದನ್ನೇ ಕೊಟ್ಟೆ. ಕೆಲವೇ ಸೆಕೆಂಡಿಗೆ ಇಳಿಯಿತು.

ಇನ್ನು ಆಸ್ಪತ್ರೆಯ ಯಂತ್ರ. ಅದು ಆಗಾಗ ಹ್ಯಾಂಗ್ ಆಗುತ್ತಿತ್ತು. ಹುಬ್ಬಳ್ಳಿಯಿಂದ ಬಂದ ಸರ್ವಿಸಿನವರು ಲಾಗ್ ತೆಗೆದು ನೋಡಿ "ಮೆಮರಿ ಎರರ್ ಒಂದೂ ಇಲ್ಲ, ಬೋರ್ಡೇ ಹೋಗಿದೆ" ಎಂದು ಬರೆದುಕೊಟ್ಟು ಹೋದರು. ನಾನು ಸೆಲ್ ಇನ್ಫೋ ಕೊಟ್ಟರೆ ಬಳಕೆ ನೂರಕ್ಕೆ ನೂರು, ಓವರ್‌ಫ್ಲೋ ಟ್ರೂ, ಅಂದರೆ ಜಾಗವಿಲ್ಲದೆ ದಾಖಲೆ ಬಿದ್ದುಹೋಗಿದೆ! ಆ ಬಿಎಂಸಿಯ ಲಾಗಿಗೆ ಹಿಡಿಯುವುದು ಐನೂರು ಚಿಲ್ಲರೆ ದಾಖಲೆ. ತುಂಬಿದ ಮೇಲೆ ಕೆಲವು ಬಿಎಂಸಿ ಹಳೆಯದನ್ನು ಅಳಿಸಿ ಬರೆಯುತ್ತವೆ, ಇದು ಬರೆಯುವುದನ್ನೇ ನಿಲ್ಲಿಸುವ ಜಾತಿ. ಮಳೆಗಾಲ ಶುರುವಾದ ಎರಡನೇ ವಾರಕ್ಕೇ ಅದು ಬಾಯಿ ಮುಚ್ಚಿಕೊಂಡಿತ್ತು.

ತುಂಬಿಸಿದ್ದು ಯಾರು? ಅದರಲ್ಲಿ ಎರಡು ಪವರ್ ಸಪ್ಲೈ, ಒಂದು ಯುಪಿಎಸ್ಸಿಗೆ, ಇನ್ನೊಂದು ನೇರ ಲೈನಿಗೆ. ಕರೆಂಟು ಹೋದರೆ "ಎಸಿ ಲಾಸ್ಟ್", ಜೊತೆಗೆ "ರಿಡಂಡೆನ್ಸಿ ಲಾಸ್ಟ್", ಅಂದರೆ ಎರಡನೇ ಆಸರೆ ಹೋಯಿತು. ಬಂದರೆ ಅವೆರಡರದ್ದೂ ವಾಪಸಾತಿ. ಅಂದರೆ ಒಂದು ಸಲ ಹೋಗಿ ಬಂದದ್ದಕ್ಕೆ ನಾಲ್ಕು ಸಾಲು. ಆಷಾಢದ ಗಾಳಿಗೆ ದಿನಕ್ಕೆ ಹತ್ತು ಸಲ ಮಿಣುಕಿದರೆ ನಲವತ್ತು ಸಾಲು. ಲೆಕ್ಕ ನೀವೇ ಹಾಕಿ.

ಹಾಗಾಗಿ ಉಳಿಸಿ, ಅಳಿಸುವುದು. ಇದನ್ನು ಮಾಡಬೇಡ, ಲಾಗ್ ಅಳಿಸಿದರೆ ಸಾಕ್ಷಿ ಹೋಗುತ್ತದೆ ಎಂದು ನಮ್ಮವರೇ ಹೆದರಿಸಿದರು. ಸಾಕ್ಷಿ ಹೋಗುವುದು ಅಳಿಸದೆ ತುಂಬಲು ಬಿಟ್ಟಾಗ. ಕ್ರಮ ಮುಖ್ಯ: ಮೊದಲು ಇಲಿಸ್ಟ್ ಫೈಲಿಗೆ, ಜೊತೆಗೆ "ಸೆಲ್ ಸೇವ್", ನಂತರ ಮತ್ತೊಮ್ಮೆ ಇನ್ಫೋ. ದಾಖಲೆಗಳ ಸಂಖ್ಯೆ ಫೈಲಿನ ಸಾಲುಗಳಿಗೆ ಸರಿಹೊಂದಿದರೆ ಮಾತ್ರ "ಸೆಲ್ ಕ್ಲಿಯರ್". ನಡುವೆ ಒಂದು ಸಾಲು ಹೊಸದಾಗಿ ಬಿದ್ದಿದ್ದರೆ ಮೊದಲಿನಿಂದ. ಲೈನು ಅರ್ಧಕ್ಕೆ ಕಡಿದು ಫೈಲು ಮೊಟಕಾದಾಗ ಹಿಡಿಯಲು ಇನ್ನೊಂದು ಪರೀಕ್ಷೆ ಇಟ್ಟಿದ್ದೇನೆ. ಅದನ್ನಿಲ್ಲಿ ಬಿಚ್ಚುವುದಿಲ್ಲ, ಹೊಟ್ಟೆಪಾಡಿನ ವಿಷಯ.

ಲಾಗ್ ಖಾಲಿ ಮಾಡಿ ಒಂದು ವಾರ ಆಗಿರಲಿಲ್ಲ, "ಮೆಮರಿ, ಕರೆಕ್ಟಬಲ್ ಇಸಿಸಿ" ಬಂದು ಬಿತ್ತು, ಅಂದರೆ ಮೆಮರಿಯಲ್ಲಿ ತಪ್ಪು ಬಿದ್ದು ಯಂತ್ರವೇ ಸರಿಪಡಿಸಿಕೊಂಡಿದೆ. ಇದು ಒಂದೇ ಸಾಲು ಎಂದು ಬಿಡುವ ಹಾಗಿಲ್ಲ. ಸರಿಪಡಿಸಿದ ತಪ್ಪುಗಳು ಮಿತಿ ದಾಟಿದ ಮೇಲಷ್ಟೇ ಬರೆಯುವ ಬಯೋಸ್ ಅದರದ್ದು. "ಸೆಲ್ ಗೆಟ್" ಕೊಟ್ಟು ಇವೆಂಟ್ ಡೇಟಾದ ಮೂರು ಬೈಟ್ ತೆಗೆದೆ. ಐಪಿಎಂಐ ನಿಯಮದ ಪ್ರಕಾರ ಮೆಮರಿ ಸೆನ್ಸರಿನಲ್ಲಿ ಮೂರನೇ ಬೈಟು ಕಡ್ಡಿಯ ಗುರುತಿಗೆ. ಎಲ್ಲ ಕಂಪನಿಯವರೂ ಅದನ್ನು ನೆಟ್ಟಗೆ ಪಾಲಿಸುವುದಿಲ್ಲ, ಯಾವ ಅಂಕೆ ಯಾವ ಸ್ಲಾಟು ಎಂಬ ಪಟ್ಟಿ ನಾನೇ ಮಾಡಿಕೊಂಡದ್ದು.

ಆಗ ಮಾತ್ರ ಕಾರವಾರಕ್ಕೆ ಹೋದೆ. ಕಡ್ಡಿಯ ಚಿನ್ನದ ಪಟ್ಟಿ ಮಂಕಾಗಿತ್ತು, ಕಡಲ ಉಪ್ಪುಗಾಳಿಯ ಕೆಲಸ. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ ಕೂರಿಸಿದರೆ ಕೆಲವು ವಾರ ಸುಮ್ಮನಿತ್ತು, ಮತ್ತೆ ಶುರು. ಮುಂದಿನ ಸಲ ಆ ಕಡ್ಡಿಯನ್ನು ಬೇರೆ ಸ್ಲಾಟಿಗೆ ಬದಲಿಸಿ ಬಂದೆ. ಶಿರಸಿಯಲ್ಲಿ ಕೂತು ನೋಡುತ್ತೇನೆ, ಎರರ್ ಕಡ್ಡಿಯ ಬೆನ್ನಿಗೇ ಹೊಸ ಸ್ಲಾಟಿಗೆ ಹೋಗಿದೆ. ಬೋರ್ಡು ಸರಿಯಿದೆ ಎನ್ನಲು ಇದಕ್ಕಿಂತ ಏನು ಬೇಕು? ಆಸ್ಪತ್ರೆಯ ಲೆಕ್ಕದವರಿಗೆ ಎರಡು ಫೈಲು ಪ್ರಿಂಟ್ ಮಾಡಿ ಕೊಟ್ಟೆ. "ಇಷ್ಟೇ ಏನ್ರಿ?" ಎಂದರು. ಇಷ್ಟೇ. ಕಡ್ಡಿ ಬದಲಾದ ಮೇಲೆ ಆ ಯಂತ್ರ ಹ್ಯಾಂಗ್ ಆಗಿಲ್ಲ, ಈಗ ಒಂದು ವರ್ಷದ ಹತ್ತಿರ. ನನಗೆ ತಿಂಗಳಿಗೆ ಐನೂರು ರೂಪಾಯಿ ಒಪ್ಪಂದವೂ ಆಯಿತು.

ಸಮಯದ ರಗಳೆ ಹೇಳಲೇಬೇಕು. ಬಿಎಂಸಿಯ ಗಡಿಯಾರ ಬೇರೆ, ಓಎಸ್ಸಿನದು ಬೇರೆ. ಒಂದು ಯಂತ್ರದಲ್ಲಿ ಎಲ್ಲ ಘಟನೆಯೂ ಐದೂವರೆ ತಾಸು ಹಿಂದೆ ಕಾಣುತ್ತಿತ್ತು, ಅಂದರೆ ಯುಟಿಸಿ, ಜಾಗತಿಕ ಸಮಯ. ಇನ್ನೊಂದರಲ್ಲಿ ಬರೀ "ಪ್ರೀ-ಇನಿಟ್", ಅಂದರೆ ಗಡಿಯಾರ ಹೊಂದಿಸುವ ಮೊದಲೇ ಬರೆದ ದಾಖಲೆ. "ಸೆಲ್ ಟೈಮ್ ಸೆಟ್ ನೌ" ಕ್ರಾನಿಗೆ ಸೇರಿಸಿ ಬಗೆಹರಿಸಿದೆ.

ಗಡಿಯಾರ ಸರಿಯಾದದ್ದೇ ಒಂದು ಹುಚ್ಚು ಹತ್ತಿತು. ನೇರ ಲೈನಿನ ಸಪ್ಲೈನ ಎಸಿ ಲಾಸ್ಟ್ ಸಾಲುಗಳನ್ನು ಜೋಡಿಸಿ, ಕರೆಂಟು ಯಾವಾಗ ಹೋಯಿತು, ಎಷ್ಟು ಹೊತ್ತಿಗೆ ಬಂತು ಎಂದು ಪಟ್ಟಿ ಮಾಡಿದೆ. ಜನರೇಟರ್ ನೋಡಿಕೊಳ್ಳುವವರ ಪುಸ್ತಕದ ಜೊತೆ ಇಟ್ಟು ನೋಡಿದರೆ ಡೀಸೆಲ್ ಲೆಕ್ಕ ತಾಳೆಯಾಗಲಿಲ್ಲ. ಅದನ್ನು ಅಲ್ಲಿಗೇ ಮಡಿಚಿಟ್ಟೆ, ನನ್ನ ಕೆಲಸ ಅದಲ್ಲ. ಒಂದೇ ಸಪ್ಲೈ ಇರುವ ಯಂತ್ರದಲ್ಲಿ ಈ ಆಟ ನಡೆಯುವುದಿಲ್ಲ, ಪೂರ್ತಿ ಕರೆಂಟು ಹೋದರೆ ಬಿಎಂಸಿಯೂ ಸತ್ತಿರುತ್ತದೆ.

ಸಂಘದ ಯಂತ್ರದಲ್ಲಿ ಇನ್ನೊಂದು ತಮಾಷೆ. ತಿಂಗಳ ಕೊನೆಗೆ ಸರಿಯಾಗಿ "ಚಾಸಿ ಇಂಟ್ರೂಶನ್" ಬೀಳುತ್ತಿತ್ತು. ಪೆಟ್ಟಿಗೆ ಯಾರು ಬಿಚ್ಚುತ್ತಾರೆ ಎಂದು ನೋಡಿದರೆ, ಸಡಿಲ ಮುಚ್ಚಳದ ಮೇಲೆ ಲೆಡ್ಜರ್ ಕಟ್ಟು ಇಟ್ಟಿದ್ದರು. ಲೆಕ್ಕ ಮುಗಿಸಲು ಕಟ್ಟು ಎತ್ತಿದಾಗ ಮುಚ್ಚಳ ಏಳುತ್ತಿತ್ತು. ಒಂದು ಸ್ಕ್ರೂನಲ್ಲಿ ಮುಗಿಯಿತು.

ನೋಡಿ ಮಾಡುವವರಿಗೆ ಎರಡು ಮಾತು. ಪಾಸ್‌ವರ್ಡನ್ನು ಕಮಾಂಡಿನಲ್ಲೇ ಬರೆಯಬೇಡಿ, ಬೇರೆಯವರ ಕಣ್ಣಿಗೆ ಬೀಳಬಹುದು. ಸಣ್ಣ ಎಫ್ ಆಪ್ಶನ್ನಿನಲ್ಲಿ ಫೈಲಿನಿಂದ ಕೊಡಿ. ಐಪಿಎಂಐ ಬಳಸುವ 623ನೇ ಯುಡಿಪಿ ಪೋರ್ಟನ್ನು ಹೊರಗಿನ ಇಂಟರ್ನೆಟ್ಟಿಗೆ ತೆರೆಯಲೇಬೇಡಿ. ಐಪಿಎಂಐ 2.0ರಲ್ಲಿ ಲಾಗಿನ್ ಆಗುವ ಮೊದಲೇ ಬಿಎಂಸಿ ಪಾಸ್‌ವರ್ಡಿನ ಹ್ಯಾಶ್ (ಪಾಸ್‌ವರ್ಡ್ ಊಹಿಸಿ ತಾಳೆ ನೋಡಬಹುದಾದ ಗುರುತು) ಕೊಟ್ಟುಬಿಡುತ್ತದೆ, ಅದು ವಿನ್ಯಾಸದಲ್ಲೇ ಇರುವ ತೂತು. ಕುಮಟೆಯ ಒಂದು ಯಂತ್ರದ ಬಿಎಂಸಿಗೆ ಮಾತ್ರ ನೆಟ್‌ವರ್ಕ್ ಪೋರ್ಟೇ ಸತ್ತಿದೆ. ಅಲ್ಲಿ ಐಪಿಎಂಐ ಡೆವ್‌ಇಂಟ್ಫ್ ಎಂಬ ಲಿನಕ್ಸ್ ಮಾಡ್ಯೂಲ್ ಹಾಕಿ ಓಎಸ್ ಒಳಗಿನಿಂದಲೇ ಓದಿಸುತ್ತಿದ್ದೇನೆ. ಓಎಸ್ ಬಿದ್ದ ದಿನ ಕುಮಟೆ ದಾರಿಯ ದೇವಿಮನೆ ಘಟ್ಟ ಇಳಿಯುವುದು ತಪ್ಪಿದ್ದಲ್ಲ.