ಯಾವ ಡಿಪೋದ ಡ್ರೈವರ್?

ಲ್ಯಾಪ್‌ಟಾಪಿನ ಹಾಟ್‌ಕೀ ಡ್ರೈವರ್ ನೋಡಿಕೊಳ್ಳುತ್ತೇನೆ ಅಂದಾಗ ನಮ್ಮ ಸೋದರತ್ತೆ ಕೇಳಿದ್ದು, "ಯಾವ ಡಿಪೋದಾಗಪಾ?" ಹುಬ್ಬಳ್ಳಿಯಲ್ಲಿ ಡ್ರೈವರ್ ಅಂದರೆ ಬಸ್ಸಿನವರೇ. ಅತ್ತೆಯದೇನೂ ತಪ್ಪಿಲ್ಲ. ನಾನು ಹೇಳಿದ್ದು ಕಂಪ್ಯೂಟರಿನ ಡ್ರೈವರ್, ಅಂದರೆ ಲ್ಯಾಪ್‌ಟಾಪಿನ ವಿಶೇಷ ಕೀ (ಹಾಟ್‌ಕೀ) ಒತ್ತಿದ್ದನ್ನು ಆಪರೇಟಿಂಗ್ ಸಿಸ್ಟಮ್‌ಗೆ ತಿಳಿಸುವ ಪುಟ್ಟ ತಂತ್ರಾಂಶ.

ವಿದ್ಯಾನಗರದಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಿಂದ ಇದೆಲ್ಲ ಶುರುವಾಯಿತು. ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ವೈಫೈ, ಸೌಂಡ್ ಎಲ್ಲ ಬಂತು. ಎಫ್‌ಎನ್ (Fn) ಕೀ ಜತೆ ಒತ್ತುವ, ಬ್ರೈಟ್‌ನೆಸ್‌ನಂಥ ಕೀಗಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಇಂಥ ಕೀಗಳು ಸಾಮಾನ್ಯವಾಗಿ ಮೂರು ಥರ. ಕೆಲವು ಮಾಮೂಲಿ ಕೀಬೋರ್ಡಿನ ದಾರಿಯಲ್ಲೇ ಸ್ಕ್ಯಾನ್‌ಕೋಡ್ (ಕೀ ಗುರುತಿಸುವ ನಂಬರು) ಆಗಿ ಬರುತ್ತವೆ. ಅವಕ್ಕೆ ಡ್ರೈವರ್ ಬೇಡ, ಲಿನಕ್ಸ್‌ನಲ್ಲಿ ಸಾಧನಗಳನ್ನು ಗುರುತಿಸುವ ಯುಡೆವ್‌ನ ಹಾರ್ಡ್‌ವೇರ್ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದರೆ ಆಯಿತು. ಕೆಲವನ್ನು ಎಂಬೆಡೆಡ್ ಕಂಟ್ರೋಲರ್ ಅನ್ನುವ ಒಳಗಿನ ಪುಟ್ಟ ಚಿಪ್ ಹಿಡಿದುಕೊಂಡು, ಎಸಿಪಿಐ ಅಥವಾ ಡಬ್ಲ್ಯುಎಂಐ (ಮಷಿನ್ ಮತ್ತು ಆಪರೇಟಿಂಗ್ ಸಿಸ್ಟಮ್ ಮಾತಾಡಿಕೊಳ್ಳುವ ದಾರಿಗಳು) ಮೂಲಕ ಸುದ್ದಿ ಮುಟ್ಟಿಸುತ್ತದೆ. ನಮ್ಮ ಡ್ರೈವರಿಗೆ ಕೆಲಸ ಇರುವುದು ಇಲ್ಲೇ. ಬಂದ ನಂಬರು ನೋಡಿ, ಇದು ಬ್ರೈಟ್‌ನೆಸ್, ಇದು ಏರೋಪ್ಲೇನ್ ಮೋಡ್ ಅಂತ ಮುಂದಕ್ಕೆ ಹೇಳುವುದು. ಇನ್ನು ಕೆಲವನ್ನು ಫರ್ಮ್‌ವೇರ್ (ಮಷಿನ್ ಒಳಗೇ ಕೂತಿರುವ ತಂತ್ರಾಂಶ) ತಾನೇ ಮಾಡಿ ಮುಗಿಸುತ್ತದೆ, ನಮಗೆ ಹೇಳುವುದೂ ಇಲ್ಲ.

ಯಾರಾದರೂ "ಕೀ ಕೆಲಸ ಮಾಡ್ತಿಲ್ಲ" ಅಂದರೆ ಮೊದಲು ಇವಿಟೆಸ್ಟ್ (ಒತ್ತಿದ ಕೀ ಲಿನಕ್ಸ್‌ಗೆ ಮುಟ್ಟಿತಾ ಅಂತ ತೋರಿಸುವ ಪ್ರೋಗ್ರಾಂ) ಓಡಿಸಲು ಹೇಳುತ್ತೇನೆ. ಅಲ್ಲೇನೂ ಕಾಣದಿದ್ದರೆ ಎಸಿಪಿಐಡಂಪ್, ಅಂದರೆ ಆ ಮಷಿನ್‌ನ ಎಸಿಪಿಐ ಕೋಷ್ಟಕಗಳ ನಕಲು, ಕೇಳುತ್ತೇನೆ. ಅದನ್ನು ಐಎಎಸ್‌ಎಲ್ ಅನ್ನುವ ಪ್ರೋಗ್ರಾಂನಿಂದ ಓದುವ ಹಾಗೆ ಬಿಡಿಸಿ, ಸುದ್ದಿ ಕಳಿಸುವ 'ನೋಟಿಫೈ' ಅನ್ನುವ ಸಾಲುಗಳ ಹಿಂದೆ ಬೀಳುವುದು. ರಾತ್ರಿ ಊಟ ಮಾಡಿ ಕೂತರೆ ಹನ್ನೆರಡು ಹೊಡೆಯುತ್ತದೆ. ಜಾಸ್ತಿ ಕಷ್ಟ ಏನಂದರೆ, ಮಷಿನ್ ನನ್ನ ಕೈಯಲ್ಲಿ ಇರುವುದೇ ಇಲ್ಲ.

ಒಮ್ಮೆ ದೊಡ್ಡ ಎಡವಟ್ಟು ಮಾಡಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಬ್ರೈಟ್‌ನೆಸ್ ಕೀ ಸರಿಹೋಯಿತು ಅಂತ ಸುಮ್ನೆ ಎಲ್ಲ ಮಾಡೆಲ್‌ಗೂ ಅದನ್ನೇ ಹಾಕಿಬಿಟ್ಟೆ. ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುವ ಗೆಳೆಯ ಫೋನ್ ಮಾಡಿದ. "ಏನ್ ಮಾಡೀಪಾ, ಒಮ್ಮೆ ಒತ್ತಿದ್ರ ಎರಡೆರಡು ಮೆಟ್ಟಲ ಹಾರಾಕತ್ತೈತಿ!" ಅವನ ಮಾಡೆಲ್‌ನಲ್ಲಿ ಎಸಿಪಿಐ ವಿಡಿಯೋ ಅನ್ನುವ ಇನ್ನೊಂದು ಡ್ರೈವರ್ ಆಗಲೇ ಆ ಸುದ್ದಿ ಕೊಡುತ್ತಿತ್ತು. ನಾನೂ ಕೊಟ್ಟೆ. ಒಂದೇ ಮನೆಗೆ ಎರಡು ಸಲ ಲಗ್ನಪತ್ರಿಕೆ ಕೊಟ್ಟ ಹಾಗಾಯಿತು. ಶನಿವಾರ ಬಸ್ ಹತ್ತಿ ಗದಗಿಗೆ ಹೋದೆ. ಬ್ರೈಟ್‌ನೆಸ್ ಕೀಗಳನ್ನು ಎಸಿಪಿಐ ವಿಡಿಯೋ ನೋಡಿಕೊಳ್ಳುತ್ತಿದೆಯಾ ಅಂತ ಕೇಳುವ ಫಂಕ್ಷನ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ. ಅದು ಹೌದು ಅಂದರೆ ನಮ್ಮದು ಬಾಯಿ ಮುಚ್ಚಿಕೊಂಡಿರಬೇಕು, ಅಷ್ಟೇ. ಗಿರ್ಮಿಟ್, ಮಿರ್ಚಿ ಭಜಿ ಅವನ ಲೆಕ್ಕದಲ್ಲಿ. ತಪ್ಪು ನಂದು, ತಿಂಡಿ ಅವಂದು!

ಎಲ್ಲ ತಪ್ಪೂ ನಮ್ಮದಲ್ಲ ಅನ್ನುವುದಕ್ಕೆ ಮೈಕ್ ಮ್ಯೂಟ್ ಕೀ ಇದೆ. ಕರ್ನಲ್‌ನಲ್ಲಿ ಅದರ ನಂಬರು 248. ಪರದೆಯ ಮೇಲಿನ ಕಿಟಕಿಗಳನ್ನು ನೋಡಿಕೊಳ್ಳುವ ಹಳೆಯ ಎಕ್ಸ್ ಸರ್ವರ್ ಅದಕ್ಕೆ 8 ಕೂಡಿಸುತ್ತದೆ, 256 ಆಗುತ್ತದೆ. ಎಕ್ಸ್‌ನ ಮಿತಿ 255. ಒಂದೇ ಒಂದು ನಂಬರಿನಿಂದ ಹೊರಗೆ! ಇವಿಟೆಸ್ಟ್‌ನಲ್ಲಿ ಚೆಂದಾಗಿ ಕಾಣುವ ಕೀ ಪರದೆಯ ಮೇಲೆ ಏನೂ ಮಾಡುವುದಿಲ್ಲ, ಬೈಗುಳ ಮಾತ್ರ ನಮ್ಮ ಡ್ರೈವರಿಗೆ. ಅದಕ್ಕೇ ಎಷ್ಟೋ ಕಡೆ ಅದನ್ನು ಮಿತಿಯೊಳಗೇ ಬರುವ ಎಫ್20 ಕೀ ಅಂತ ಬದಲಿಸಿರುತ್ತಾರೆ.

ಮೊನ್ನೆ ಹಾವೇರಿಯ ಮೇಷ್ಟ್ರೊಬ್ಬರ ಡಂಪ್ ಬಂತು. ಸ್ಟಾರ್ ಗುರುತಿನ ಕೀ ಒತ್ತಿದರೆ ನಮ್ಮ ಪಟ್ಟಿಯಲ್ಲಿಲ್ಲದ ನಂಬರು. ಇದಕ್ಕೆ ಏನು ಕೆಲಸ ಕೊಡಲಿ ಅಂತ ಅವರನ್ನೇ ಕೇಳಿದೆ. "ಕ್ಯಾಲ್ಕುಲೇಟರ್ ಮಾಡ್ರಿ, ಮಾರ್ಕ್ಸ್ ಕೂಡ್ಸಾಕ ಬೇಕ್ರಿ" ಅಂದರು. ಎಲ್ಲರ ಮಷಿನ್‌ನಲ್ಲೂ ಕ್ಯಾಲ್ಕುಲೇಟರ್ ತೆರೆದರೆ ಹೇಗೆ, ಅಲ್ವಾ? ಡ್ರೈವರಿನಲ್ಲಿ 'ಪ್ರೋಗ್1' (ಯಾರಿಗೆ ಏನು ಬೇಕೋ ಆ ಕೆಲಸ ಕೊಟ್ಟುಕೊಳ್ಳಬಹುದಾದ ಕೀ) ಅಂತ ಹಾಕಿದೆ. ಕ್ಯಾಲ್ಕುಲೇಟರಿನ ಶಾರ್ಟ್‌ಕಟ್ ಇಡುವುದನ್ನು ಅವರಿಗೆ ಫೋನಿನಲ್ಲೇ ಹೇಳಿಕೊಟ್ಟೆ.