ಗರ್ಭಕೋಶ ತೆಗೆಸಿ ಅಂತ ಡಾಕ್ಟರ್ ಹೇಳಿದ್ರೆ, ಹೂಂ ಅನ್ನೋಕೆ ಮುಂಚೆ ಏನೇನು ಕೇಳ್ಬೇಕು?

ಮದುವೆಮನೇಲಿ ನಲವತ್ತು ದಾಟಿದ ಹೆಂಗಸರು ಒಂದ್ಕಡೆ ಕೂತ್ರೆ ಈ ಮಾತು ಬಂದೇ ಬರುತ್ತೆ. ಒಬ್ರು "ನಂದು ತೆಗೆಸಿಬಿಟ್ಟೆ ಕಣೇ, ಈಗ ಆರಾಮು" ಅಂತಾರೆ, ಪಕ್ಕದವರು "ಅಯ್ಯೋ ಬೇಡ, ನಂಗೆ ಸೊಂಟನೋವು ಶುರುವಾಗಿದ್ದೇ ಅದಾದ್ಮೇಲೆ" ಅಂತಾರೆ. ಇಬ್ರು ಹೇಳೋದೂ ನಿಜಾನೇ ಇರ್ಬಹುದು, ಆದ್ರೆ ಅವರ ಕಾಯಿಲೆ ಬೇರೆ ನಿಮ್ಮದು ಬೇರೆ, ಅದಕ್ಕೇ ಅವರನ್ನ ಕೇಳಿ ತೀರ್ಮಾನ ಮಾಡೋಕಾಗಲ್ಲ.

ಮೊದಲು ಕಾಯಿಲೆ ಹೆಸರು ಬರೆಸ್ಕೊಳ್ಳಿ. "ಗರ್ಭಕೋಶ ಊದಿದೆ", "ಗರ್ಭಕೋಶದ ಬಾಯಲ್ಲಿ ಹುಣ್ಣಾಗಿದೆ", "ವೀಕಾಗಿದೆ" ಇವೆಲ್ಲ ಕಾಯಿಲೆ ಹೆಸರಲ್ಲ. ಸ್ಕ್ಯಾನಿಂಗ್ ರಿಪೋರ್ಟಲ್ಲಿ ಬಲ್ಕಿ ಯೂಟ್ರಸ್ ಅಂತ ಬರೆದಿದ್ರೆ ಅಳತೆ ಸ್ವಲ್ಪ ದೊಡ್ಡದಿದೆ ಅಂತ ಅಷ್ಟೇ, ಎರಡ್ಮೂರು ಹೆರಿಗೆ ಆದವರಲ್ಲಿ ಅದು ತೀರಾ ಮಾಮೂಲು. ಫೈಬ್ರಾಯ್ಡ್ ಗಡ್ಡೆನಾ, ಒಳಪದರ ಗರ್ಭಕೋಶದ ಗೋಡೆಯೊಳಗೇ ಬೆಳೆಯೋ ಅಡಿನೋಮಯೋಸಿಸ್ಸಾ, ಒಳಪದರದಲ್ಲಿ ಬೆಳೆಯೋ ಚಿಕ್ಕ ಗಂಟು ಅಂದ್ರೆ ಪಾಲಿಪ್ಪಾ, ಗರ್ಭಕೋಶ ಜಾರಿರೋದಾ, ಅದು ಗೊತ್ತಾಗ್ಬೇಕು. ಬರೀ ಬಿಳಿ ಸೆರಗು, ಬರೀ ಬೆನ್ನುನೋವು ಅಂತ ಹೋದವರಿಗೆ ಆಪರೇಷನ್ ಹೇಳಿದ್ರೆ ನಾನಂತೂ ಎದ್ದು ಬೇರೆ ಡಾಕ್ಟರ್ ಹತ್ರ ಹೋಗ್ತೀನಿ.

ಆಮೇಲೆ, ಕಾಯ್ಬಹುದಾ ಇಲ್ವಾ ಅನ್ನೋದು. "ಹಾಗೇ ಬಿಟ್ರೆ ಕ್ಯಾನ್ಸರ್ ಆಗುತ್ತೆ" ಅಂತ ಒಂದು ಮಾತು ಕಿವಿಗೆ ಬಿದ್ರೆ ಸಾಕು, ಮನೆಯವರೆಲ್ಲ ಮಾರನೇ ದಿನಾನೇ ಅಡ್ಮಿಟ್ ಮಾಡೋಕೆ ರೆಡಿ ಆಗ್ಬಿಡ್ತಾರೆ. ಫೈಬ್ರಾಯ್ಡ್ ಗಡ್ಡೆಗಳು ಹೆಚ್ಚುಕಮ್ಮಿ ಎಲ್ಲವೂ ಕ್ಯಾನ್ಸರ್ ಅಲ್ಲದ ಗಡ್ಡೆಗಳು. ಅನುಮಾನ ಇದ್ರೆ ಗರ್ಭಕೋಶದ ಒಳಪದರದ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ ಮಾಡೋದು) ಇದೆ, ಗರ್ಭಕೋಶದ ಬಾಯಿಗೆ ಪ್ಯಾಪ್ ಸ್ಮಿಯರ್ ಅನ್ನೋ ಪರೀಕ್ಷೆ ಇದೆ, ಅವನ್ನ ಮಾಡ್ಸಿ ರಿಪೋರ್ಟ್ ನೋಡಿ ಹೆದ್ರಿ, ಬಾಯಿಮಾತಿಗೆ ಹೆದರ್ಬೇಡಿ. ಬಯಾಪ್ಸಿಲಿ ಕ್ಯಾನ್ಸರ್ ಅಥವಾ ಅದಕ್ಕೆ ಮುಂಚಿನ ಬದಲಾವಣೆ ಕಂಡ್ರೆ ಮಾತ್ರ ಈ ಲೇಖನದ ಮಿಕ್ಕಿದ್ದೆಲ್ಲ ನಿಮಗಲ್ಲ, ತಡ ಮಾಡ್ಬೇಡಿ. ಮುಟ್ಟು ನಿಂತು ವರ್ಷ ಆದ್ಮೇಲೆ ಮತ್ತೆ ರಕ್ತ ಕಂಡ್ರೂ ಅಷ್ಟೇ, ಒಂದೇ ಒಂದು ಹನಿ ಆದ್ರೂ ಆ ವಾರಾನೇ ತೋರಿಸ್ಬೇಕು.

ಈಗ ನಿಜವಾದ ಪ್ರಶ್ನೆ: ಇದಕ್ಕೆ ಮುಂಚೆ ಏನು ಟ್ರೈ ಮಾಡಿದೀವಿ? ಬಹಳಷ್ಟು ಜನಕ್ಕೆ ಉತ್ತರ "ಏನೂ ಇಲ್ಲ". ಜಾಸ್ತಿ ಬ್ಲೀಡಿಂಗ್‌ಗೆ ಥೈರಾಯ್ಡ್ ಕಾರಣ ಇರ್ಬಹುದು, ಒಂದು ರಕ್ತಪರೀಕ್ಷೆಲಿ ಗೊತ್ತಾಗುತ್ತೆ. ಬ್ಲೀಡಿಂಗ್ ಇರೋ ದಿನ ಮಾತ್ರ ತಗೊಳ್ಳೋ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ, ಆದ್ರೆ ಹಿಂದೆ ಕಾಲಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರಿಗೆ ಅದು ಆಗಲ್ಲ, ಅದಕ್ಕೇ ಡಾಕ್ಟರ್‌ನ ಕೇಳ್ದೆ ಮೆಡಿಕಲ್ ಶಾಪಲ್ಲಿ ತಗೊಂಡು ನುಂಗ್ಬೇಡಿ. ಕಾಪರ್-ಟಿ ಥರಾನೇ ಒಳಗೆ ಕೂರಿಸೋ ಹಾರ್ಮೋನ್ ಸಾಧನ ಇದೆ, ಮಿರೆನಾ ಅಂತ ಕೇಳಿರ್ತೀರ, ಒಂದ್ಸಲ ಹಾಕಿಸಿದ್ರೆ ಕನಿಷ್ಠ 5 ವರ್ಷ ಕೆಲಸ ಮಾಡುತ್ತೆ, ಮೊದಲ ಕೆಲವು ತಿಂಗಳು ಸ್ಪಾಟಿಂಗ್ (ಆಗಾಗ ಸ್ವಲ್ಪ ಸ್ವಲ್ಪ ರಕ್ತ ಕಾಣೋದು) ಕಾಟ ಕೊಟ್ರೂ ಆಮೇಲೆ ಬ್ಲೀಡಿಂಗ್ ತುಂಬಾ ಕಮ್ಮಿ ಆಗುತ್ತೆ. ಗಡ್ಡೆ ಗರ್ಭಕೋಶದ ಒಳಜಾಗವನ್ನೇ ಸೊಟ್ಟ ಮಾಡಿದ್ರೆ ಇದು ಸರಿಯಾಗಿ ಕೂರಲ್ಲ. ಗಡ್ಡೆ ಮಾತ್ರ ತೆಗೆಯೋ ಆಪರೇಷನ್ನೂ ಇದೆ, ಗರ್ಭಕೋಶ ಜಾರಿರೋರಿಗೆ ಪೆಸರಿ ಅನ್ನೋ ರಿಂಗ್ ಇದೆ. ಯಾವುದು ನಿಮಗೆ ಆಗುತ್ತೆ, ಯಾವುದು ಆಗಲ್ಲ, ಯಾಕೆ ಅಂತ ಒಂದೊಂದಾಗಿ ಕೇಳಿ.

ವಯಸ್ಸನ್ನೂ ಲೆಕ್ಕಕ್ಕೆ ತಗೊಳ್ಳಿ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲೋದು ಸರಾಸರಿ 46-47ರ ಹೊತ್ತಿಗೆ, ನಿಂತ್ಮೇಲೆ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಕಮ್ಮಿಯಾಗಿ ಫೈಬ್ರಾಯ್ಡ್ ತಾನಾಗೇ ಕುಗ್ಗುತ್ತೆ. ಅಂದ್ರೆ 46ರಲ್ಲಿ ಇರೋರು ಮಾತ್ರೇಲೇ ಸ್ವಲ್ಪ ಕಾಲ ತಳ್ಳಬಹುದು, 36ರಲ್ಲಿ ಇರೋರಿಗೆ ಆ ಲೆಕ್ಕ ಬೇರೆ. ಹಾಗಂತ ತಿಂಗಳು ತಿಂಗಳು ರಕ್ತ ಸುರ್ಕೊಂಡು, ಹಿಮೋಗ್ಲೋಬಿನ್ 6ಕ್ಕೆ ಇಳಿದು, ಮೆಟ್ಟಿಲು ಹತ್ತೋಕೂ ಏದುಸಿರು ಬರ್ತಿದ್ರೂ "ಆಪರೇಷನ್ ಬೇಡಪ್ಪ" ಅಂತ ಕೂರೋದು ಜಾಣತನ ಅಲ್ಲ. ಔಷಧಿ ಎಲ್ಲ ನೋಡಾಯ್ತು, ಆಗ್ಲಿಲ್ಲ ಅಂದ್ರೆ ಆಪರೇಷನ್ನೇ ಒಳ್ಳೇದು.

ಅಂಡಾಶಯದ ವಿಷಯ ಮರೀಬೇಡಿ, ಜಾಸ್ತಿ ಜನ ಮರೆಯೋದು ಇದನ್ನೇ. "ಹೇಗಿದ್ರೂ ಹೊಟ್ಟೆ ತೆರೀತೀವಲ್ಲ, ಅದನ್ನೂ ತೆಗೆದ್ಬಿಡೋಣ" ಅಂದ್ರೆ ಯಾಕೆ ಅಂತ ಕೇಳಿ. 45ಕ್ಕೆ ಮುಂಚೆ ಎರಡೂ ಅಂಡಾಶಯ ಹೋದ್ರೆ ರಾತ್ರೋರಾತ್ರಿ ಮೆನೋಪಾಸ್, ಮೈ ಬಿಸಿ, ಬೆವರು, ನಿದ್ದೆ ಇಲ್ಲ, ಮುಂದೆ ಮೂಳೆ ಸವೆಯೋದು, ಹೃದಯದ ತೊಂದ್ರೆ ಜಾಸ್ತಿ ಆಗೋದು. "ಮಕ್ಕಳಾಯ್ತಲ್ಲ, ಇನ್ಯಾಕೆ ಅದು" ಅನ್ನೋ ಅತ್ತೆ-ಓರಗಿತ್ತಿಯರಿಗೆ ಇದು ಗೊತ್ತಿರಲ್ಲ.

ಸೆಕೆಂಡ್ ಒಪೀನಿಯನ್‌ಗೆ ಆಪರೇಷನ್ ಮಾಡಿದ್ರೂ ಬಿಟ್ರೂ ಲಾಭ ನಷ್ಟ ಇಲ್ಲದ ಕಡೆ ಹೋಗಿ. ಬೆಂಗಳೂರಲ್ಲಿ ವಾಣಿವಿಲಾಸ, ಮೈಸೂರಲ್ಲಿ ಚೆಲುವಾಂಬ, ಮಂಗಳೂರಲ್ಲಿ ಲೇಡಿಗೋಷನ್ ಥರದ ಸರ್ಕಾರಿ ಆಸ್ಪತ್ರೆಲಿ ಕ್ಯೂ ಇರುತ್ತೆ, ಅರ್ಧ ದಿನ ಹೋಗುತ್ತೆ, ಹೋಗ್ಲಿ ಬಿಡಿ. ಡಾಕ್ಟರ್‌ಗೆ ಬೇಜಾರಾಗುತ್ತೇನೋ ಅಂತ ಸಂಕೋಚ ಬೇಡ, ಅನಗತ್ಯವಾಗಿ ಗರ್ಭಕೋಶ ತೆಗೆಯೋದನ್ನ ತಡೆಯೋಕೆ ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿನೇ ತಂದಿದೆ, ಅದನ್ನ ಮೂರು ತಿಂಗಳಲ್ಲಿ ಜಾರಿ ಮಾಡಿ ಅಂತ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ. ಇನ್ಶೂರೆನ್ಸ್ ಇದೆ ಅನ್ನೋದು ಆಪರೇಷನ್‌ಗೆ ಕಾರಣ ಆಗ್ಬಾರ್ದು, ಇದಕ್ಕೆ ಸಾಮಾನ್ಯವಾಗಿ 2 ವರ್ಷ ವೇಟಿಂಗ್ ಇರುತ್ತೆ, ಅಂದ್ರೆ ಪಾಲಿಸಿ ತಗೊಂಡು ಅಷ್ಟು ದಿನ ಆಗೋವರೆಗೂ ದುಡ್ಡು ಕೊಡಲ್ಲ, ಪಾಲಿಸಿ ತೆಗೆದು ನೋಡ್ಕೊಳ್ಳಿ.

ಮಾಡಿಸೋದೇ ಅಂತಾದ್ರೆ ಹಿಮೋಗ್ಲೋಬಿನ್, ಶುಗರ್ ಸರಿ ಮಾಡ್ಕೊಂಡು ಡೇಟ್ ತಗೊಳ್ಳಿ, ಕೆಳಗಿಂದ (ಯೋನಿ ಮೂಲಕ) ಮಾಡ್ತಾರಾ, ಚಿಕ್ಕ ತೂತು ಮಾಡಿ ಕ್ಯಾಮೆರಾ ಹಾಕಿ ಮಾಡೋ ಲ್ಯಾಪ್ರೋಸ್ಕೋಪಿನಾ, ಹೊಟ್ಟೆ ಕೊಯ್ದಾ ಅಂತ ಕೇಳಿ. ಸುಮಾರು 6 ವಾರ ಭಾರ ಎತ್ತಂಗಿಲ್ಲ, ಅಂದ್ರೆ ತುಂಬಿದ ಬಿಂದಿಗೆ, ಸಿಲಿಂಡರ್, ಮೊಮ್ಮಗು ಯಾವ್ದೂ ಇಲ್ಲ, ಮನೆಯವರ ಜೊತೆ ಇದನ್ನ ಮುಂಚೇನೇ ಮಾತಾಡ್ಕೊಳ್ಳಿ. ಸಹಿ ಹಾಕೋ ಫಾರಂನಲ್ಲಿ ಏನೇನು ತೆಗೀತಾರೆ ಅಂತ ಬರೆದಿರುತ್ತೆ, ಓದಿಸ್ಕೊಂಡು ಸಹಿ ಹಾಕಿ. ತೆಗೆದಿದ್ದನ್ನ ಬಯಾಪ್ಸಿಗೆ ಕಳಿಸ್ತಾರೆ, ಹೊಲಿಗೆ ತೋರಿಸೋಕೆ ಹೋದಾಗ ಆ ರಿಪೋರ್ಟ್ ಕೇಳಿ ಇಸ್ಕೊಂಡು ಫೈಲಿಗೆ ಹಾಕಿ.