ಸಣ್ಣ ಉದ್ಯಮಕ್ಕೆ ನಂಬರ್ ಮಾಡಿಸುವುದು, ಆ ನಂಬರಿಗೆ ಬ್ಯಾಂಕಿನಲ್ಲಿ ಮರ್ಯಾದೆ ತರುವುದು

ಬ್ರಹ್ಮಾವರದ ಹತ್ತಿರ ನಾನು ಮತ್ತು ಅತ್ತಿಗೆ ಸೇರಿ ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್ ಮಾಡಿ ಮಾರುತ್ತೇವೆ. ಪ್ಯಾಕಿಂಗ್ ಮೆಷಿನಿಗೆ ಅಂತ ಸಾಲ ಕೇಳಲು ಹೋದ ದಿನ ಬ್ಯಾಂಕಿನವರು ಫೈಲನ್ನು ಎರಡು ಸಲ ಮಗುಚಿ ನೋಡಿ, "ಇದರಲ್ಲಿ ನಿಮ್ಮ ಉದ್ಯಮ ಯಾವುದು?" ಅಂತ ಕೇಳಿದರು. ತಮಾಷೆ ಅಲ್ಲ. ನಮ್ಮ ಹೆಸರಿನ ಮುಂದೆ ಒಂದು 'ಶ್ರೀ' ಉಂಟು. ಜಿಎಸ್‌ಟಿಯಲ್ಲಿ ಆ ಶ್ರೀ ಇಂಗ್ಲಿಷಿನ ಮೂರು ಅಕ್ಷರದ್ದು, ಉದ್ಯಮ್ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಸರ್ಟಿಫಿಕೇಟಿನಲ್ಲಿ ಐದು ಅಕ್ಷರದ್ದು, ಬ್ಯಾಂಕ್ ಖಾತೆಯಲ್ಲಿ ಶ್ರೀಯೇ ಇಲ್ಲ. ಸಾಲದ್ದಕ್ಕೆ ಅತ್ತಿಗೆಯ 'ಪೂಜಾರಿ' ಆಧಾರಿನಲ್ಲಿ ಐ ಅಕ್ಷರದಿಂದ ಮುಗಿಯುತ್ತದೆ, ಪ್ಯಾನಿನಲ್ಲಿ ವೈ. ಇದನ್ನೆಲ್ಲ ಸರಿ ಮಾಡಿಸುವಷ್ಟರಲ್ಲಿ ಹಲಸಿನ ಸೀಸನ್ನೇ ಮುಗಿದಿತ್ತು ಮಾರಾಯ್ರೇ.

ಹಾಗಾಗಿ ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಇದು. ಯಾವ ಅರ್ಜಿ ತುಂಬುವ ಮೊದಲೂ ಒಂದು ಚೀಟಿಯಲ್ಲಿ ಉದ್ಯಮದ ಹೆಸರು, ವಿಳಾಸ, ಮಾಲೀಕರ ಹೆಸರು ಮೂರನ್ನೂ ಇಂಗ್ಲಿಷಿನಲ್ಲಿ ಒಂದೇ ಸ್ಪೆಲ್ಲಿಂಗಿನಲ್ಲಿ ಬರೆದಿಡಿ. ಸೈಬರ್ ಸೆಂಟರಿಗೆ, ಸಿಎಗೆ, ಬ್ಯಾಂಕಿಗೆ ಆ ಚೀಟಿಯ ಫೋಟೋ ಕಳಿಸಿ, ಬಾಯಲ್ಲಿ ಹೇಳಬೇಡಿ. ವಿಳಾಸವೂ ಹಾಗೆಯೇ. ಒಂದು ಕಡೆ ಮನೆ ಹೆಸರು, ಇನ್ನೊಂದು ಕಡೆ "ದೈವಸ್ಥಾನದ ಹತ್ತಿರ" ಅಂತ ಬೇಡ. ಮೆಸ್ಕಾಂ ಕರೆಂಟ್ ಬಿಲ್ಲಿನಲ್ಲಿ ಎಂತ ಉಂಟೋ ಅದನ್ನೇ ಹಾಕಿ, ಯಾಕೆಂದರೆ ಜಿಎಸ್‌ಟಿಗೆ ಜಾಗದ ದಾಖಲೆ ಅಂತ ಸಾಮಾನ್ಯವಾಗಿ ಕೊಡುವುದು ಆ ಬಿಲ್ಲನ್ನೇ. ಬಾಡಿಗೆ ಜಾಗವಾದರೆ ಅಗ್ರಿಮೆಂಟ್ ಕೂಡ ಬೇಕು.

ನಂಬರುಗಳಲ್ಲಿ ಎಲ್ಲದಕ್ಕೂ ಬೇರು ಪ್ಯಾನ್. ಅದರ ಹತ್ತು ಅಕ್ಷರಗಳಲ್ಲಿ ನಾಲ್ಕನೆಯದನ್ನು ನೋಡಿ. 'ಪಿ' ಇದ್ದರೆ ಒಬ್ಬ ವ್ಯಕ್ತಿಯದು, 'ಎಫ್' ಇದ್ದರೆ ಪಾಲುದಾರಿಕೆ ಸಂಸ್ಥೆಯದು, 'ಸಿ' ಇದ್ದರೆ ಕಂಪನಿಯದು. ಒಬ್ಬರೇ ಮಾಲೀಕರಾಗಿ ಅಂಗಡಿ ನಡೆಸಿದರೆ ಅಂಗಡಿಗೆ ಅಂತ ಬೇರೆ ಪ್ಯಾನ್ ಇಲ್ಲ, ನಿಮ್ಮದೇ ಅದರದ್ದು. ಬೋರ್ಡಿನಲ್ಲಿ ಎಷ್ಟು ದೊಡ್ಡ ಹೆಸರು ಬರೆಸಿದರೂ ಬ್ಯಾಂಕಿನ ಕಣ್ಣಿಗೆ ಅಂಗಡಿ ಮತ್ತು ನೀವು ಒಂದೇ. ಸ್ಕೂಟರಿನ ಕಂತು, ಚಿನ್ನ ಅಡವಿಟ್ಟ ಸಾಲ, ಕ್ರೆಡಿಟ್ ಕಾರ್ಡಿನ ಬಾಕಿ, ಯಾರಿಗೋ ಹಾಕಿದ ಜಾಮೀನು, ಎಲ್ಲ ಅಂಗಡಿ ಸಾಲದ ಅರ್ಜಿಯ ಜೊತೆಗೇ ಬಂದು ಕೂರುತ್ತವೆ. ಅತ್ತಿಗೆ ತನ್ನ ಅಣ್ಣನ ಬೈಕ್ ಸಾಲಕ್ಕೆ ಎಂದೋ ಸಹಿ ಹಾಕಿದ್ದರು. ಆ ಅಣ್ಣ ಕಂತು ತಡ ಮಾಡಿದ್ದು ನಮ್ಮ ಹಪ್ಪಳದ ಲೆಕ್ಕಕ್ಕೆ ಬಂತು.

ಆಮೇಲೆ ನಾವು ಪಾಲುದಾರಿಕೆ ಪತ್ರ ಮಾಡಿಸಿ 'ಎಫ್' ಪ್ಯಾನ್ ತೆಗೆದೆವು. ಇಲ್ಲಿ ಒಂದು ವಿಷಯ ಯಾರೂ ಮೊದಲೇ ಹೇಳಲಿಲ್ಲ. ಪ್ಯಾನ್ ಬದಲಾದರೆ ಹಳೆಯ ಜಿಎಸ್‌ಟಿ ನಂಬರ್ ನಡೆಯುವುದಿಲ್ಲ, ಹೊಸದೇ ಬೇಕು. ಬ್ಯಾಂಕ್ ಖಾತೆ ಹೊಸದು, ಉದ್ಯಮ್ ಹೊಸದು, ಪ್ಯಾಕೆಟ್ಟಿನ ಮೇಲೆ ಹಾಕುವ, ಆಹಾರ ಪರವಾನಗಿಯ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರೂ ಹೊಸದು. ಅಚ್ಚು ಹಾಕಿಸಿದ್ದ ಪ್ಯಾಕೆಟ್ ಕವರು ಇನ್ನೂ ಅಟ್ಟದ ಮೇಲೆ ಉಂಟು. ಎರಡು ಜನ ದುಡ್ಡು ಹಾಕಿ ನಡೆಸುವುದು ಅಂತ ಗೊತ್ತಿದ್ದರೆ ಮೊದಲ ದಿನವೇ ಪಾಲುದಾರಿಕೆ ಮಾಡಿ. ಪ್ರೈವೇಟ್ ಲಿಮಿಟೆಡ್ ಮಾಡಿದರೆ ಸಿಐಎನ್ ಅಂತ 21 ಅಕ್ಷರದ ಕಂಪನಿ ಗುರುತಿನ ನಂಬರ್ ಸಿಗುತ್ತದೆ, ಹೆಸರಿಗೆ ತೂಕ ಬರುತ್ತದೆ, ನಿಜ. ಆದರೆ ವ್ಯಾಪಾರ ಆಗಲಿ ಬಿಡಲಿ ವರ್ಷವರ್ಷ ಆಡಿಟ್ ಮಾಡಿಸಲೇಬೇಕು. ಹಪ್ಪಳಕ್ಕೆ ಅಷ್ಟೆಲ್ಲ ಬೇಕಾ ಅಂತ ನನಗೆ ಅನ್ನಿಸುತ್ತದೆ.

ಜಿಎಸ್‌ಟಿ ನಂಬರಿನ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ನಂತರದ ಹತ್ತು ನಿಮ್ಮ ಪ್ಯಾನ್. ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಕಡ್ಡಾಯ. ಆದರೆ ನಮ್ಮ ಕಡೆಯವರು ಎಡವುವುದು ಬೇರೆ ಕಡೆ: ಕೇರಳ ಗಡಿಯ ತಲಪಾಡಿ. ತಲಪಾಡಿ ದಾಟಿ ಕಾಸರಗೋಡಿನ ಅಂಗಡಿಗೆ ಮಾಲು ಮಾರಿದರೆ ಅದು ಹೊರರಾಜ್ಯದ ಮಾರಾಟ. ಆಗ 40 ಲಕ್ಷದ ಲೆಕ್ಕ ಇಲ್ಲ, ಮೊದಲ ಬಿಲ್ಲಿನಿಂದಲೇ ಜಿಎಸ್‌ಟಿ ಬೇಕು. ಮಂಗಳೂರಿನವರಿಗೆ ಕಾಸರಗೋಡು ಪಕ್ಕದ ಊರು ಇದ್ದ ಹಾಗೆ, ಯಾರಿಗೂ ಅದು ಬೇರೆ ರಾಜ್ಯ ಅಂತ ನೆನಪೇ ಇರುವುದಿಲ್ಲ ಅಲ್ವಾ? ವಿದೇಶಕ್ಕೆ ಕಳಿಸುವವರಿಗೆ ಐಇಸಿ, ಅಂದರೆ ಆಮದು-ರಫ್ತಿನ ಕೋಡ್, ಬೇಕು, ಅದೂ ಈಗ ಪ್ಯಾನ್ ನಂಬರೇ. ಹೊರದೇಶದ ಕೆಲವು ಖರೀದಿದಾರರು ಉದ್ಯಮಗಳ ಮಾಹಿತಿ ಇಡುವ ಡನ್ ಆ್ಯಂಡ್ ಬ್ರಾಡ್‌ಸ್ಟ್ರೀಟ್‌ನವರ ಒಂಬತ್ತು ಅಂಕಿಯ ಡಿ-ಯು-ಎನ್-ಎಸ್ ನಂಬರ್ ಕೇಳುತ್ತಾರೆ. ಅವರು ಕೇಳಿದಾಗ ಮಾಡಿಸಿದರೆ ಸಾಕು.

ಉದ್ಯಮ್ ನೋಂದಣಿಯನ್ನು ಮಾತ್ರ ಬಿಡಬೇಡಿ. 2020ರ ಜುಲೈಯಲ್ಲಿ ಬಂದದ್ದು, ಆಧಾರ್ ಮತ್ತು ಪ್ಯಾನ್ ಇದ್ದರೆ ಮೊಬೈಲಿನಲ್ಲೇ ಆಗುತ್ತದೆ, ಒಂದು ರೂಪಾಯಿ ಖರ್ಚಿಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ವಿಳಾಸದ ಕೊನೆಯಲ್ಲಿ 'ಜಿಒವಿ ಡಾಟ್ ಇನ್' ಇದೆಯಾ ನೋಡಿ. ಇದರ ದೊಡ್ಡ ಲಾಭ ಬಾಕಿ ವಸೂಲಿಯಲ್ಲಿ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನಿಮ್ಮಿಂದ ಮಾಲು ತೆಗೆದವರು 45 ದಿನದೊಳಗೆ ದುಡ್ಡು ಕೊಡಬೇಕು, ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅದಕ್ಕಿಂತ ಜಾಸ್ತಿ ಬಿಸಿ ಮುಟ್ಟಿಸಿದ್ದು ಆದಾಯ ತೆರಿಗೆಯ ಬದಲಾವಣೆ. 2024ರ ಏಪ್ರಿಲ್‌ನಿಂದ, ಈ ಗಡುವು ಮೀರಿ ಬಾಕಿ ಇಟ್ಟವರು ದುಡ್ಡು ಕೊಡುವ ತನಕ ಅದನ್ನು ತಮ್ಮ ಖರ್ಚಲ್ಲಿ ತೋರಿಸುವ ಹಾಗಿಲ್ಲ. ನಮ್ಮ ಇನ್‌ವಾಯ್ಸಿನ ತಲೆಯಲ್ಲಿ ಉದ್ಯಮ್ ನಂಬರ್ ಅಚ್ಚು ಹಾಕಿಸಿದ ಮೇಲೆ ಮಾರ್ಚ್ ತಿಂಗಳಲ್ಲಿ ಅವರೇ ಫೋನ್ ಮಾಡಿ "ನಿಮ್ಮದು ಎಷ್ಟು ಬಾಕಿ?" ಅಂತ ಕೇಳತೊಡಗಿದರು. ಈ ಲಾಭ ತಯಾರಿಸುವವರಿಗೆ ಮತ್ತು ಸೇವೆ ಕೊಡುವವರಿಗೆ ಮಾತ್ರ. ಬರೀ ಕೊಂಡು ಮಾರುವ ವ್ಯಾಪಾರಿಗಳೂ ನೋಂದಣಿ ಮಾಡಿಸಬಹುದು, ಆದರೆ ಅವರಿಗೆ ಅದು ಬ್ಯಾಂಕ್ ಸಾಲದ ಆದ್ಯತೆಗಷ್ಟೇ ಉಪಯೋಗ.

ನಂಬರ್ ಆಯಿತು, ಇನ್ನು ನಂಬಿಕೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಸಾಕಿತ್ತು, ಏಜೆಂಟರು ಮನೆ ಬಾಗಿಲಿಗೇ ಬರುತ್ತಿದ್ದರು. ಯಾರು ದಿನಾ ಕಟ್ಟುತ್ತಾರೆ, ಯಾರು "ನಾಳೆ ಬನ್ನಿ" ಅನ್ನುತ್ತಾರೆ ಅಂತ ಅವರಿಗೆ ಗೊತ್ತಿತ್ತು, ಮ್ಯಾನೇಜರಿಗೆ ಅಷ್ಟು ಸಾಕಾಗುತ್ತಿತ್ತು. ಆ ಬ್ಯಾಂಕ್ 2020ರಲ್ಲಿ ಕೆನರಾದೊಳಗೆ ಸೇರಿತು. ಈಗಿನ ಮ್ಯಾನೇಜರ್ ಎಲ್ಲಿಂದಲೋ ಬಂದಿರುತ್ತಾರೆ, ಎರಡು ಮೂರು ವರ್ಷಕ್ಕೆ ಹೋಗುತ್ತಾರೆ, ನಿಮ್ಮ ಅಜ್ಜನ ಪರಿಚಯ ಅವರಿಗೆ ಉಪಯೋಗಕ್ಕೆ ಬಾರದು. ಅವರು ನೋಡುವುದು, ಯಾರು ಸಾಲ ಹೇಗೆ ತೀರಿಸಿದರು ಅಂತ ಲೆಕ್ಕ ಇಡುವ ಸಿಬಿಲ್ ಥರದ ಸಂಸ್ಥೆಗಳ ವರದಿಯನ್ನು.

ಇಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ದೊಡ್ಡ ತೊಂದರೆ ಉಂಟು. ನಾವು ಸಾಲ ತೆಗೆಯುವುದು ಹೆಚ್ಚಾಗಿ ಊರಿನ ಸೊಸೈಟಿಯಲ್ಲಿ. ಹತ್ತು ವರ್ಷ ಒಂದು ಕಂತೂ ತಪ್ಪಿಸದೆ ಕಟ್ಟಿರುತ್ತೇವೆ, ಆದರೆ ಎಷ್ಟೋ ಸೊಸೈಟಿಗಳು ಆ ಲೆಕ್ಕವನ್ನು ಸಿಬಿಲಿಗೆ ಕಳಿಸುವುದಿಲ್ಲ. ಪಿಗ್ಮಿ ಕಟ್ಟಿದ್ದು ಉಳಿತಾಯ, ಅದೂ ಅಲ್ಲಿ ಬರುವುದಿಲ್ಲ. ಮಂಗಳೂರು ಬಂದರಿನ ಸಗಟು ಅಂಗಡಿಯಿಂದ ಎಣ್ಣೆ ಉದ್ರಿ ತಂದು ಸರಿಯಾಗಿ ತೀರಿಸಿದ್ದೂ ಇಲ್ಲ. ನಿಮ್ಮ ಸೊಸೈಟಿಯ ಸೆಕ್ರೆಟರಿಯನ್ನು ನೇರ ಕೇಳಿ. ಕಳಿಸುವುದಿಲ್ಲ ಅಂದರೆ ಒಂದು ಸಣ್ಣ ಸಾಲವನ್ನಾದರೂ ಬ್ಯಾಂಕಿನಲ್ಲಿ ಮಾಡಿ. ಸರ್ಕಾರದ ಸಣ್ಣ ಸಾಲದ ಯೋಜನೆ ಮುದ್ರಾದಲ್ಲಿ ಶಿಶು 50,000 ರೂಪಾಯಿ ತನಕ, ಕಿಶೋರ್ 5 ಲಕ್ಷದ ತನಕ, ತರುಣ್ 10 ಲಕ್ಷದ ತನಕ. ಅಡವು ಬೇಡ. ನಾವು ಬೇಕಾದದ್ದಕ್ಕಿಂತ ಕಡಿಮೆಯೇ ತೆಗೆದು ತೀರಿಸಿ, ಆಮೇಲೆ ದೊಡ್ಡದು ಕೇಳಿದೆವು.

ಮಾರಾಟದ ದುಡ್ಡೆಲ್ಲ ಉದ್ಯಮದ ಕರೆಂಟ್ ಅಕೌಂಟಿಗೇ ಬರಲಿ. ಅಂಗಡಿಯ ಕ್ಯೂಆರ್ ಕೋಡ್ ಮಗನ ಖಾತೆಗೆ ಜೋಡಿಸಿ, ಬ್ಯಾಂಕಿಗೆ ಹೋಗಿ "ನಮ್ಮದು ಒಳ್ಳೆ ವ್ಯಾಪಾರ" ಅಂದರೆ ಯಾರು ನಂಬುತ್ತಾರೆ? ಬ್ಯಾಂಕಿನವರು ಖಾತೆಯ ಲೆಕ್ಕ, ಜಿಎಸ್‌ಟಿ ರಿಟರ್ನ್, ಆದಾಯ ತೆರಿಗೆ ರಿಟರ್ನ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಓಡಿ (ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ, ಒಂದು ಮಿತಿಯ ತನಕ ತೆಗೆಯಬಹುದಾದ ಸಾಲ) ಸಿಕ್ಕರೆ ಮಿತಿಯ ಅಂಚಿಗೇ ಎಳೆದು ಕೂರಬೇಡಿ, ಬಡ್ಡಿ ತಿಂಗಳು ತಿಂಗಳು ಕಟ್ಟಿ. ಕಂತು 30 ದಿನದವರೆಗೆ ತಡವಾದರೂ ಬ್ಯಾಂಕಿನ ಪಟ್ಟಿಯಲ್ಲಿ ಎಸ್‌ಎಂಎ ಅಂತ, ಅಂದರೆ ಕಣ್ಣಿಡಬೇಕಾದ ಸಾಲ ಅಂತ, ಗುರುತು ಬೀಳುತ್ತದೆ, 90 ದಿನ ದಾಟಿದರೆ ಕೆಟ್ಟ ಸಾಲ, ಅಂದರೆ ಎನ್‌ಪಿಎ. ಮಲ್ಪೆ ಕಡೆ ಬಲೆ, ಐಸ್, ಬೋಟ್ ರಿಪೇರಿ ಮಾಡುವವರಿಗೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ, ಆಗ ಕಂತಿಗೆ ದುಡ್ಡು ಎಲ್ಲಿಂದ? ಸಾಲ ತೆಗೆಯುವಾಗಲೇ ಇದನ್ನು ಹೇಳಿ ಕಂತಿನ ತಿಂಗಳುಗಳನ್ನು ಹೊಂದಿಸಿಕೊಳ್ಳಿ. ಜೂನಿನಲ್ಲಿ ಹೋಗಿ ಅತ್ತರೆ ಕೇಳುವವರಿಲ್ಲ.

ಸಂಖ್ಯೆಯ ಒಂದು ಗೊಂದಲ ಹೇಳಿಬಿಡುತ್ತೇನೆ. ವ್ಯಕ್ತಿಯ ಸಿಬಿಲ್ ಸ್ಕೋರ್ 300ರಿಂದ 900, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಉದ್ಯಮದ್ದು ರ‍್ಯಾಂಕ್, 1ರಿಂದ 10, ಅಲ್ಲಿ 1 ಅಂದರೆ ಒಳ್ಳೆಯದು. ನಮ್ಮ ಪರಿಚಯದವರೊಬ್ಬರು ರ‍್ಯಾಂಕ್ 9 ಬಂತು ಅಂತ ಸ್ವೀಟ್ ಹಂಚುವುದೊಂದು ಬಾಕಿ ಇತ್ತು. ಪಾಲುದಾರಿಕೆಯಾದರೂ ಬ್ಯಾಂಕಿನವರು ಪಾಲುದಾರರ ಸ್ವಂತ ಸ್ಕೋರನ್ನೂ ತೆಗೆಯುತ್ತಾರೆ, ಹಾಗಾಗಿ ಎರಡೂ ನೋಡಿಕೊಳ್ಳಿ. ಸ್ವಂತದ ಪೂರ್ತಿ ವರದಿ ವರ್ಷಕ್ಕೊಮ್ಮೆ ಉಚಿತ. ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಪ್ರತಿಯೊಂದರಿಂದಲೂ ಸಿಗುತ್ತದೆ.

ಅತ್ತಿಗೆಯ ವರದಿ ತೆಗೆದಾಗ ಆ ಬೈಕ್ ಸಾಲ ತೀರಿ ವರ್ಷವಾಗಿದ್ದರೂ ಇನ್ನೂ ಬಾಕಿ ಅಂತಲೇ ಇತ್ತು. ಸಾಲ ತೀರಿದ ಪತ್ರ ಹಾಕಿ ಆನ್‌ಲೈನಿನಲ್ಲೇ ದೂರು ಕೊಟ್ಟೆವು. ದೂರು ಕೊಟ್ಟ 30 ದಿನದೊಳಗೆ ಸರಿ ಮಾಡಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಉಂಟು, 2024ರ ಏಪ್ರಿಲ್‌ನಿಂದ. 2025ರ ಜನವರಿಯಿಂದ ಬ್ಯಾಂಕುಗಳು 15 ದಿನಕ್ಕೊಮ್ಮೆಯಾದರೂ ಹೊಸ ಲೆಕ್ಕ ಕಳಿಸಬೇಕಾದ್ದರಿಂದ ಈಗ ಮೊದಲಿನಷ್ಟು ಕಾಯಬೇಕಾಗಿಲ್ಲ. ದೂರಿನಲ್ಲಿ ಹೆಸರು ಬರೆಯುವಾಗ ಅತ್ತಿಗೆ ನನ್ನ ಕಡೆ ತಿರುಗಿ, "ಐಯಾ, ವೈಯಾ?" ಅಂದರು. ಚೀಟಿ ತೆಗೆದು ಕೊಟ್ಟೆ.